ಅವ್ವನ ಕೆಂಚು ಕೂದಲು

೧೯೨೫ನೆಯ ಇಸವಿ, ನನಗೆ ಆಗ ಏಳು ವರ್ಷ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನೆನಪನ್ನು ಹೇಳುವಾಗ ಕಾಲವನ್ನು ಮಬ್ಬಾಗಿಸುವವರನ್ನು ಕಂಡರೆ ನನಗೆ ಆಗದು. ಈಗಲೂ ಬೀದಿಯ ಬದಿಯಲ್ಲಿ ಯಾರಾದರೂ ನಿಂಬೆಹಣ್ಣು ಹಿಂಡಿ, ಮಧ್ಯಾಹ್ನದ ಬಿಸಿಲಿಗೆ ಆ ಹುಳಿ ವಾಸನೆ ಕಾದು ಮೇಲೆದ್ದರೆ, ಉಳಿದವರ ಬಾಯಲ್ಲಿ ನೀರೂರುತ್ತದೆ. ನಾನು ಹಲ್ಲು ಕಚ್ಚುತ್ತೇನೆ. ಅದು ನನ್ನ ಅವ್ವನ ತಲೆಯ ವಾಸನೆ. ಹಳೆಯ ಮನೆಗಳನ್ನು ನೆನೆದು ನಿಟ್ಟುಸಿರು ಬಿಡುವ ಓದುಗರೇ, ನಾನೂ ನಿಮ್ಮವನೇ, ನಾನೂ ನಿಟ್ಟುಸಿರು ಬಿಡುತ್ತೇನೆ. ಆದರೆ ಆ ಕಾಲದ ಜನ ಒಳ್ಳೆಯವರಿದ್ದರು ಎಂದು ಮಾತ್ರ ನನ್ನೆದುರಿಗೆ ಹೇಳಬೇಡಿ.

ನಮ್ಮ ಮನೆ ಬೆಳಗಾವಿಯ ಶಹಾಪುರದಲ್ಲಿ, ನೇಕಾರರ ಓಣಿಯಲ್ಲಿತ್ತು. ಮುಂದೆ ಅಪ್ಪನ ಸೀರೆ ಅಂಗಡಿ, ಹಿಂದೆ ನಾವು, ಮೇಲೆ ಮಣ್ಣಿನ ಮಾಳಿಗೆ. ಎಡಬಲದ ಮನೆಗಳಿಂದ ಕೈಮಗ್ಗದ ಸದ್ದು ಬೆಳಗಿನಿಂದ ಕೇಳುತ್ತಿತ್ತು. ಅಂಗಡಿಯಿಂದ ಹೊಸ ಸೀರೆಗಳ ಗಂಜಿಯ ವಾಸನೆ ಒಳಮನೆಯವರೆಗೂ ಬಂದು ಒಗ್ಗರಣೆಯ ಹೊಗೆಯೊಡನೆ ಬೆರೆಯುತ್ತಿತ್ತು. ನಮ್ಮದು ಜೈನರ ಮನೆ, ಹೊತ್ತು ಮುಳುಗುವ ಮೊದಲೇ ಊಟ ಮುಗಿಯಬೇಕು. ಹಾಗಾಗಿ ಅವ್ವನ ದಿನವೆಲ್ಲ ಸೂರ್ಯನ ಕಡೆಗೆ ಒಂದು ಕಣ್ಣಿಟ್ಟುಕೊಂಡೇ ಸಾಗುತ್ತಿತ್ತು. ಅಪ್ಪನ ಕೂದಲು ಕಪ್ಪು, ಅವ್ವನದು ಇನ್ನೂ ಕಪ್ಪು. ನನ್ನದು ಮಾತ್ರ ಹುಟ್ಟಿದಾಗಿನಿಂದ ಕೆಂಚು, ಗೋವಿನಜೋಳದ ತೆನೆಯ ಎಳೆಗಳಂತೆ. ಸಾಲೆಯ ಹುಡುಗರು "ಏ ಗೋರ್ಯಾ!" ಎಂದು, ಬಿಳಿಯ ಸಾಹೇಬನನ್ನು ಕರೆಯುವಂತೆ, ಕೂಗುತ್ತಿದ್ದರು, ಅದನ್ನು ನಾನು ಸಹಿಸುತ್ತಿದ್ದೆ. ಸಹಿಸಲಾಗದ್ದು ಮನೆಯೊಳಗಿನ ಮಾತು. ಮನೆಯ ಯಜಮಾನಿಕೆ ಅಪ್ಪನ ಅಕ್ಕನದು, ನನ್ನ ಅತ್ತೆಯದು. ಬ್ರಿಟಿಷ್ ದಂಡಿನ ಬಿಳಿಯ ಸೋಜಿರರು ಇದ್ದದ್ದು ಊರಿನ ಕ್ಯಾಂಪಿನಲ್ಲಿ. ನಮ್ಮ ಅತ್ತೆ ಆ ದಿಕ್ಕಿಗೆ ಕೈ ತೋರಿಸಿ, ಬಂದವರ ಮುಂದೆ, ನಗುತ್ತಲೇ ಹೇಳುತ್ತಿದ್ದಳು:

"ಏಳು ತಲಿಯಿಂದ ನಮ್ಮ ಮನ್ಯಾಗ ಇಂಥಾ ಕೂದಲಾ ಹುಟ್ಟಿಲ್ಲವಾ. ಕ್ಯಾಂಪಿನ ಗಾಳಿ ಎಲ್ಲಿತನಾ ಬೀಸತೈತೋ, ಯಾರಿಗೆ ಗೊತ್ತು!"

ಆ ವರ್ಷದ ಯುಗಾದಿಯ ನಂತರ ಬಳಗದ ಒಂದು ಮದುವೆಯ ಪಂಕ್ತಿಯಲ್ಲಿ ಯಾರೋ ಇದೇ ಮಾತನ್ನು ಅಪ್ಪನ ಎದುರಿಗೇ ಆಡಿದರು. ಪಂಕ್ತಿಯೆಲ್ಲ ನಕ್ಕಿತು. ಮರುದಿನ ಅಪ್ಪ ಅವ್ವನಿಗೆ, "ಮಂದಿ ಏನೇನರ ಅಂತಾರ. ನಾಕ ದಿನಾ ತವರಮನ್ಯಾಗ ಇದ್ದು ಬಾ" ಎಂದ. ನಾನು ಜೀವನವಿಡೀ ಮಕ್ಕಳಿಗೆ ವ್ಯಾಕರಣ ಕಲಿಸಿದವನು. ವಾಕ್ಯದಲ್ಲಿ ಕರ್ತೃ ಯಾರೆಂದು ಕೇಳುವುದು ನನ್ನ ಚಟ. ಈ "ಮಂದಿ" ಎಂಬ ಕರ್ತೃವನ್ನು ನಾನು ಈವರೆಗೆ ಹುಡುಕುತ್ತಲೇ ಇದ್ದೇನೆ. ಸಿಕ್ಕರೆ ಬೆತ್ತ ಇನ್ನೂ ನನ್ನ ಬಳಿಯೇ ಇದೆ.

ಅವ್ವ ನನ್ನನ್ನೂ ಕರೆದುಕೊಂಡು ಹೊರಟಳು. ತವರುಮನೆ ಖಾನಾಪುರದಲ್ಲಿ. ಕೆಂಪು ಹೆಂಚು, ಕೆಂಪು ಮಣ್ಣು, ಹಿತ್ತಲಲ್ಲಿ ಬಾವಿ, ಬಾವಿಯ ಪಕ್ಕದಲ್ಲಿ ಮುಳ್ಳು ತುಂಬಿದ ನಿಂಬೆಯ ಗಿಡ. ನಾಲ್ಕು ದಿನ ಕಳೆದವು, ಹದಿನೈದಾದವು; ಕರೆಯಲು ಯಾರೂ ಬರಲಿಲ್ಲ. ಬದಲಿಗೆ ಒಂದು ಸುದ್ದಿ ಬಂದಿತು: ಮಳೆ ಹಿಡಿಯುವುದರೊಳಗೆ ಅಪ್ಪ, ಅತ್ತೆ ಬಂದು ಒಂದು ಮಾತು ಮುಗಿಸಿ ಹೋಗುತ್ತಾರಂತೆ, ಅಪ್ಪನಿಗೆ ಇನ್ನೊಂದು ಹೆಣ್ಣು ನೋಡುತ್ತಿದ್ದಾರಂತೆ. ಅಜ್ಜಿ ಸೆರಗು ಬಾಯಿಗೊತ್ತಿಕೊಂಡಳು. ಅವ್ವ ಅಳಲಿಲ್ಲ. ನನ್ನನ್ನು ಹತ್ತಿರ ಕರೆದು, ನನ್ನ ತಲೆಯ ಮೇಲೆ ಕೈಯಾಡಿಸಿ, ಒಂದು ಎಳೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ನಿಂಬೆಯ ರಸ ಸಿಡಿದ ಬಣ್ಣದ ಸೀರೆಯನ್ನು ಬಿಸಿಲಿಗೆ ಹಾಕಿದರೆ ಅಲ್ಲಿ ಬಣ್ಣ ಹಾರುತ್ತದೆ. ಸೀರೆ ವ್ಯಾಪಾರದ ಮನೆಯ ಸೊಸೆಗೆ ಇದನ್ನು ಯಾರೂ ಕಲಿಸಬೇಕಾಗಿರಲಿಲ್ಲ.

ಅಂದಿನಿಂದ ಅವ್ವ ತಲೆಗೆ ಎಣ್ಣೆ ಮುಟ್ಟಿಸಲಿಲ್ಲ. ಅಂಟುವಾಳದಿಂದ ತೊಳೆದು ಇದ್ದ ಜಿಡ್ಡನ್ನೆಲ್ಲ ತೆಗೆದಳು. ನಿಂಬೆಯ ರಸ ಹಿಂಡಿ, ಒಗೆಯುವ ಸೋಡಾ ಚಿಟಿಕೆ ಬೆರೆಸಿದಾಗ ನೊರೆ ಬುಸುಗುಟ್ಟುತ್ತಿತ್ತು. ಅದನ್ನು ಬುಡದಿಂದ ತುದಿಯವರೆಗೆ ಹಚ್ಚಿಕೊಂಡು, ಬಾವಿಕಟ್ಟೆಯ ಮೇಲೆ ಬೆನ್ನು ತಿರುಗಿಸಿ, ಕೂದಲನ್ನು ಹರವಿಕೊಂಡು ಕೂಡುತ್ತಿದ್ದಳು. ಕಲ್ಲು ಕಾಯುತ್ತಿತ್ತು, ನೆತ್ತಿ ಸುಲಿಯುತ್ತಿತ್ತು. ಒಣಗಿದ ಮೇಲೆ ಮತ್ತೆ ರಸ, ಮತ್ತೆ ಬಿಸಿಲು. "ಸಾಕ ಮಾಡ, ಹುಚ್ಚಿ, ತಲಿಗೆ ಬಿಸಲ ಏರೀತು" ಎಂದು ಅಜ್ಜಿ ಬಯ್ದರೆ, "ಮಳಿ ಬಂದರ ಬಿಸಲ ಎಲ್ಲಿಂದ ತರಲಿ, ಅವ್ವಾ?" ಎನ್ನುತ್ತಿದ್ದಳು. ನನ್ನನ್ನು ಪಕ್ಕದಲ್ಲಿ ಕೂಡಿಸಿಕೊಂಡು ನನ್ನ ಕೂದಲಿನ ಮಗ್ಗುಲಿಗೆ ತನ್ನ ಎಳೆಯನ್ನಿಟ್ಟು, "ಹೊಂದತದೇನೋ ನನ್ನಪ್ಪಾ?" ಎಂದು ಕೇಳುವಳು. ಕಪ್ಪು ಮೊದಲು ಕಂದಾಯಿತು, ಅನಂತರ ತಾಮ್ರದ ಬಣ್ಣಕ್ಕೆ ತಿರುಗಿತು. ಮುಟ್ಟಿದರೆ ಒಣಹುಲ್ಲು. ಜಾಜಿಯ ದಂಡೆ ಮುಡಿದರೆ ಜಾರಿಬೀಳುತ್ತಿದ್ದಂಥ ಕೂದಲು ಅದು! ಅದನ್ನು ನೆನೆದಾಗಲೆಲ್ಲ ನನ್ನ ಕೋಪಕ್ಕೆ ವಯಸ್ಸಾಗಿಲ್ಲವೆಂದು ತಿಳಿಯುತ್ತದೆ.

ಮೋಡ ಕಟ್ಟಿದ ಒಂದು ದಿನ ಅಪ್ಪ, ಅತ್ತೆ ಬಂಡಿಯಿಂದ ಇಳಿದರು. ಅವ್ವ ಒಳಗೆ ಓಡಲಿಲ್ಲ. ತಲೆ ಬಿಚ್ಚಿಕೊಂಡೇ ಬಂದು ಕಾಲಿಗೆ ನೀರು ಕೊಟ್ಟಳು. ಅತ್ತೆಯ ಕಣ್ಣು ಅಲ್ಲೇ ನಿಂತಿತು.

"ಇದೇನ ಇದು, ಕೂದಲಾ?"

"ಮದಲಿಂದ ಹಂಗ ಐತ್ರಿ, ಅಕ್ಕಾರ" ಎಂದಳು ಅಜ್ಜಿ, ತಂಬಿಗೆಯನ್ನು ಇಳಿಸುತ್ತ. "ಎಣ್ಣಿ ಸುರದು ಹೆರಳ ಹಾಕಿದರ ಕರೀದ ಕಾಣತೈತಿ. ನೀವು ಇಷ್ಟ ದಿನಾ ನೋಡಿದ್ದು ಎಣ್ಣೀನ್ರಿ."

ಅತ್ತೆ ನನ್ನನ್ನೆಳೆದು ಅವ್ವನ ಪಕ್ಕಕ್ಕೆ ನಿಲ್ಲಿಸಿದಳು. ಸಂತೆಯಲ್ಲಿ ಎತ್ತಿನ ಜೋಡಿ ನೋಡುವಂತೆ ಇಬ್ಬರ ತಲೆಯನ್ನೂ ನೋಡಿದಳು. "ಖರೇ ಐತಿ ಬಿಡ. ತಾಯಿಯಂಗ ಮಗಾ" ಎಂದಳು. ಅಪ್ಪ ಬಾವಿಯ ಕಡೆಗೆ ಹೋಗಿ, ನಿಂಬೆಯ ಗಿಡದ ಕೆಳಗೆ ಬಿದ್ದಿದ್ದ ಸಿಪ್ಪೆಗಳನ್ನು ಕಾಲಿನಿಂದ ಸರಿಸಿ, ಮರಳಿ ಬಂದು, "ಹೊಂಡೂಣು, ಮಳಿ ಬರೂಹಂಗ ಐತಿ" ಎಂದ. ಏಳು ವರ್ಷ ಅವ್ವನ ಸತ್ಯವನ್ನು ಯಾರೂ ನಂಬಿರಲಿಲ್ಲ. ಅಜ್ಜಿಯ ಸುಳ್ಳನ್ನು ತಂಬಿಗೆ ನೀರು ಖಾಲಿಯಾಗುವುದರೊಳಗೆ ನಂಬಿದರು.

ಕೂದಲು ಬೆಳೆಯುತ್ತದೆ, ಬೆಳೆದದ್ದು ಕಪ್ಪಾಗಿಯೇ ಬೆಳೆಯುತ್ತದೆ. ಆದ್ದರಿಂದ ಶಹಾಪುರದ ಮಾಳಿಗೆಯ ಮೇಲೆ, ಅತ್ತೆ ಬಸದಿಗೆ ಹೋದ ಹೊತ್ತಿನಲ್ಲಿ, ಅದೇ ರಸ, ಅದೇ ಬಿಸಿಲು. ಮಳೆಗಾಲದಲ್ಲಿ ಬೈತಲೆ ಕಾಣದಂತೆ ಸೆರಗನ್ನು ಹಣೆಯವರೆಗೆ ಎಳೆದುಕೊಳ್ಳುವಳು. ಇತ್ತ, ಯಾರ ಅಪ್ಪಣೆಯನ್ನೂ ಕೇಳದೆ, ನನ್ನ ಕೂದಲು ವರ್ಷದಿಂದ ವರ್ಷಕ್ಕೆ ಕಪ್ಪಾಗುತ್ತ ಬಂದಿತು. ನನಗೆ ಹನ್ನೊಂದಾಗುವ ಹೊತ್ತಿಗೆ ನನ್ನದು ಅಪ್ಪನ ತಲೆ. ಮಕ್ಕಳ ಎಳೆಗೂದಲು ಬಣ್ಣ ತಿರುಗುವುದುಂಟು. ಸ್ವಲ್ಪ ಕಾದಿದ್ದರೆ ಸಾಕಾಗುತ್ತಿತ್ತು. ಯಾರೂ ಕಾಯಲಿಲ್ಲ.

ಆ ಬೇಸಿಗೆಯಲ್ಲಿ ಅವ್ವ ಮತ್ತೆ ನಿಂಬೆಹಣ್ಣು ಕೊಯ್ಯಲು ಕುಳಿತಾಗ ಅಪ್ಪ ಮಾಳಿಗೆ ಹತ್ತಿ ಬಂದ.

"ಇನ್ನ ಸಾಕ ಬಿಡ. ಹುಡುಗನ ಕೂದಲಾ ಕಪ್ಪಾತು. ಆ ಹುಳಿ ವಾಸನಿ ನನಗೂ ಸಾಕಾಗೈತಿ."

ಅವ್ವನ ಕೈ ನಿಂತಿತು. "ನಿಮಗ ಗೊತ್ತಿತ್ತ?"

"ನಿನ್ನ ಕೂದಲಾ ನನಗ ಗೊತ್ತಿಲ್ಲೇನ? ಖಾನಾಪುರಕ್ಕ ಬಂದ ದಿನಾನ ಗೊತ್ತಾತು. ಮಂದಿಗೆ ಒಂದು ಉತ್ತರಾ ಬೇಕಾಗಿತ್ತು, ನೀ ಕೊಟ್ಟಿ. ಶಾಣ್ಯಾಕಿ ಅದೀ."

ಅದನ್ನು ಅವನು ಮೆಚ್ಚುಗೆಯೆಂದೇ ಆಡಿದ. ಅವ್ವ ಎದ್ದು, ಅವನನ್ನು ದಾಟಿ ಕೆಳಗಿಳಿದಳು. ಅಂಗಡಿಯ ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ ಹಿಡಿದು ಮತ್ತೆ ಮೇಲೆ ಬಂದಳು. ಮಳೆಗಾಲದಿಂದೀಚೆಗೆ ಬೆಳೆದ ಕಪ್ಪು ನಾಲ್ಕು ಬೆರಳಿನಷ್ಟಿತ್ತು. ಅದನ್ನು ಉಳಿಸಿ, ಅದರ ಕೆಳಗಿನದನ್ನೆಲ್ಲ, ಹೆರಳನ್ನು ಒಂದು ಕೈಯಲ್ಲಿ ಹಿಡಿದು, ಕೊಯ್ದುಬಿಟ್ಟಳು. ಗಂಡನಿರುವ ಹೆಂಗಸು ಕೂದಲಿಗೆ ಕತ್ತರಿಯಿಟ್ಟರೆ ಏನರ್ಥವೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಬಸದಿಯಿಂದ ಮರಳಿದ ಅತ್ತೆ ಕೆಳಗಿನಿಂದಲೇ ಅದನ್ನು ಕಂಡು ಚೀರಿದಳು. ಅವ್ವ ಆ ಕೆಂಚು ಹೆರಳನ್ನು ಅಪ್ಪನ ಅಂಗೈಯಲ್ಲಿಟ್ಟಳು.

"ತಗೋರಿ. ಇದು ನಿಮ್ಮ ಮಂದೀದು. ತಲಿಮ್ಯಾಲ ಉಳದದ್ದು ನಂದು."

ಆಮೇಲೆಯೂ ಅದೇ ಮನೆಯಲ್ಲಿ ಅವಳು ಬಾಳಿದಳು, ಹೊತ್ತು ಮುಳುಗುವ ಮೊದಲು ಎಲ್ಲರಿಗೂ ಬಡಿಸಿದಳು. ಅವಳ ಕೂದಲು ಕಪ್ಪಾಗಿ ಬೆಳೆದು, ತನ್ನ ಕಾಲಕ್ಕೆ ತಾನೇ ಬಿಳಿದಾಯಿತು. ಅಪ್ಪನಾಗಲಿ ಅತ್ತೆಯಾಗಲಿ ಮತ್ತೊಮ್ಮೆ ಆ ಮಾತೆತ್ತಲಿಲ್ಲ. ಈಗ ಅವರು ಯಾರೂ ಇಲ್ಲ. ಮಾಳಿಗೆಯೂ ಇಲ್ಲ, ಅಲ್ಲಿ ವಿದ್ಯುತ್ ಮಗ್ಗಗಳು ಹಗಲಿರುಳು ಬಡಿಯುತ್ತವೆ. ಖಾನಾಪುರದ ನಿಂಬೆಯ ಗಿಡ ಒಣಗಿ ಬಹಳ ವರ್ಷವಾಯಿತು. ನಾನು ಯಾರ ಮಗನೆಂಬ ಪ್ರಶ್ನೆ ಆ ಮಾಳಿಗೆಯ ಬಿಸಿಲಿನಲ್ಲಿ ತೀರ್ಮಾನವಾಯಿತು: ನಾನು ನನ್ನ ಅವ್ವನ ಮಗ. ಅಂದು ೧೯೨೯ನೆಯ ಇಸವಿ, ಏಪ್ರಿಲ್ ಹದಿನಾಲ್ಕು, ರವಿವಾರ.