ಖಾಲಿ ಚೌಕದ ಅಮ್ಮುಮ್ಮ

ಮೈದಾ ಅಂಟು ಕಾಯಿಸುವಾಗ ಬರುವ ವಾಸನೆ ನಿಮಗೆ ಗೊತ್ತಿರಬಹುದು, ಹಸಿ ಹಿಟ್ಟಿಗೂ ಸೀದ ದೋಸೆಗೂ ನಡುವಿನದ್ದು. ಏಸಿಯ ತಂಡಿಗೆ ದೇವರ ಪಟದ ಅಂಚು ಎದ್ದಿತ್ತೆಂದು ಇವತ್ತು ಎರಡು ಚಮಚ ಮೈದಾ ಒಲೆಗಿಟ್ಟೆ. ಗಲ್ಫಿನ ಹೊಸ ಬಡಾವಣೆ ಸಿಲಿಕಾನ್ ಓಯಸಿಸಿನ ಈ ಎತ್ತರದ ಮನೆಗೆ, ನಾವು ಮೊದಲಿದ್ದ ದೇರಾದ ಹಳೆಯ ಅಡುಗೆಮನೆಯೇ ಬಂದು ನಿಂತಿತು.

ದೇರಾದಲ್ಲಿ ಎರಡು ಸಂಸಾರಕ್ಕೆ ಒಂದು ಫ್ಲ್ಯಾಟು. ಆಚೆ ಕೋಣೆಯಲ್ಲಿ ಕೇರಳದ ಒಬ್ಬ ಅಕ್ಕ, ಅವರ ಮಾತಿನಲ್ಲಿ ಚೇಚಿ. ಅವರು ಈಳವರು, ನಾವು ಉಡುಪಿ ಕಡೆಯ ಬಿಲ್ಲವರು. ಎರಡೂ ಕಡೆಯ ಹಿರಿಯರು ಮರ ಹತ್ತಿ ಕಳ್ಳು ಇಳಿಸಿದವರು, ಮದ್ದು ಅರೆದವರು. ಎರಡೂ ಕೋಣೆಯ ಗೋಡೆಯಲ್ಲಿ ಇಬ್ಬರೂ ನಂಬುವ ಒಬ್ಬರೇ ಗುರುಗಳ ಪಟ. ಒಂದೇ ಒಲೆಯಲ್ಲಿ ಜಗಳವಿಲ್ಲದೆ ಅಷ್ಟು ವರ್ಷ ಮೀನು ಬೇಯಿಸಿದ್ದು ಆ ಗುರುಗಳ ದಯೆ. ಮಂಗಳೂರಿನಲ್ಲಿ ಕೆಲಕಾಲ ಇದ್ದ ಚೇಚಿಗೆ ಅವರದ್ದೇ ಒಂದು ಕನ್ನಡವಿತ್ತು. ಅದರಲ್ಲಿ ನಾನು 'ಮೋಳೆ', ಮಗಳೇ.

ಅವರ ಸಮಾಜದ ವಾರ್ಷಿಕ ಸಭೆಗೆ ಈಳವರಲ್ಲಿ ಹೆಸರಾಂತವರ ಚಾರ್ಟು ಮಾಡುವುದು ಚೇಚಿಯ ಕೆಲಸ. ಗುರುಗಳು, ಕವಿ, ವಕೀಲರು, ಪತ್ರಿಕೆ ನಡೆಸಿದವರು. ಅವರು ಫೋಟೋ ಕತ್ತರಿಸುವುದು, ನಾನು ಮೈದಾ ಅಂಟು ಹಚ್ಚುವುದು. ಒಂದು ವರ್ಷ ಕೊನೆಯ ಚೌಕ ಖಾಲಿ ಬಿಟ್ಟು ಕೆಳಗೆ ತಮ್ಮ ಅಮ್ಮುಮ್ಮನ, ಎಂದರೆ ಅಜ್ಜಿಯ, ಹೆಸರು ಬರೆದರು. ಸಂಸ್ಕೃತದ ವೈದ್ಯಶ್ಲೋಕಗಳನ್ನು ಬಾಯಿಪಾಠ ಮಾಡಿದ್ದಾಕೆ. ತನ್ನನ್ನು ದೇವಸ್ಥಾನದೊಳಗೆ ಬಿಡದವರ ಮಕ್ಕಳಿಗೂ ಮದ್ದು ಕೊಟ್ಟಾಕೆ. ಫೋಟೋ ಮಾತ್ರ ಒಂದೂ ಇಲ್ಲ.

ಚಾರ್ಟು ನೋಡಲು ಬಂದ ಕಮಿಟಿಯವರು, "ಫೋಟೋ ಇಲ್ಲದವರು ಪ್ರಸಿದ್ಧರು ಹೇಗಾಗ್ತಾರೆ ಚೇಚಿ? ಅಷ್ಟು ಕತ್ತರಿಸಿ ಬಿಡಿ, ಖಲಾಸ್" ಎಂದು ಹೋದರು.

ಚೇಚಿ ಕತ್ತರಿ ಎತ್ತಿ, ಮತ್ತೆ ಕೆಳಗಿಟ್ಟರು. ಆಮೇಲೆ ನನ್ನನ್ನೇ ನೋಡಿದರು. "ನಿಂದು ಮೂಗು ಅಮ್ಮುಮ್ಮನದ್ದೇ ಮೋಳೆ."

"ನನ್ನ ಮೂಗಿಗೆ ಸಂಸ್ಕೃತ ಬರುವುದಿಲ್ಲ ಚೇಚಿ."

"ಮೂಗು ಮಾತಾಡೋದು ಬೇಡ. ಸುಮ್ಮನೆ ಕೂತ್ಕೋ."

ಬಿಳಿ ಮುಂಡು ಹೊದೆಸಿ, ಮೊಬೈಲಿನಲ್ಲಿ ತೆಗೆದು, ಕೆಳಗಿನ ಟೈಪಿಂಗ್ ಅಂಗಡಿಯಲ್ಲಿ ಕಪ್ಪುಬಿಳುಪು ಮಾಡಿಸಿದರು. ಹತ್ತನೆಯ ತರಗತಿಯಲ್ಲಿ ಎರಡು ಸಲ ಫೇಲಾದವಳು ಹೀಗೆ ವೈದ್ಯೆಯಾದೆ.

ಸಭೆ ಅಬುಧಾಬಿಯ ಖಲೀಫಾ ಸಿಟಿಯ ಶಾಲೆಯೊಂದರಲ್ಲಿ. ಚಾರ್ಟಿನ ಪಕ್ಕವೇ ಪಾಯಸದ ಲೋಟ ಹಿಡಿದು ನಿಂತಿದ್ದೆ. ಒಬ್ಬ ಹಿರಿಯರು ಮೊಮ್ಮಗಳಿಗೆ ಚೌಕ ತೋರಿಸಿ, "ಆ ಕಣ್ಣು ನೋಡು, ಓದಿದವರ ಕಣ್ಣು" ಎಂದು ಕೈಮುಗಿಸಿದರು. ಆಮೇಲೆ ನನಗೆ, "ಸ್ವಲ್ಪ ಆಚೆ ಸರಿಯಮ್ಮ, ಮಗುವಿಗೆ ಕಾಣಿಸುವುದಿಲ್ಲ" ಎಂದರು. ಸರಿದೆ. ಚೇಚಿ ಸೆರಗಿನಲ್ಲಿ ಬಾಯಿ ಮುಚ್ಚಿ ನಗುತ್ತಿದ್ದರು, ಕಣ್ಣು ಮಾತ್ರ ತುಂಬಿತ್ತು.

ಮರುವರ್ಷ ಚೇಚಿಯ ಗಂಡನ ಕಂಪನಿ ಮುಚ್ಚಿತು, ವೀಸಾ ರದ್ದಾಯಿತು. ಊರಿಗೆ ಹೋಗುವಾಗ ಚಾರ್ಟಿನಿಂದ ಆ ಚೌಕವೊಂದನ್ನು ಬಿಡಿಸಿಕೊಂಡು ಹೋದರು. ನಾವು ಇಲ್ಲಿಗೆ ಬಂದೆವು. ಇವರು ಏಳಕ್ಕೆ ಹೊರಟರೆ ಮತ್ತೆ ಮನುಷ್ಯರ ದನಿ ಕೇಳುವುದು ರಾತ್ರಿ ಎಂಟಕ್ಕೆ. ನಮಗೆ ಮಕ್ಕಳಿಲ್ಲ. ಕಿಟಕಿಯಲ್ಲಿ ಬಿಸಿಲು ಬರುತ್ತದೆ, ತುಳಸಿ ಬದುಕಿದೆ. ಅಷ್ಟಕ್ಕೂ ದೇವರಿಗೆ ಲೆಕ್ಕ ಒಪ್ಪಿಸುತ್ತೇನೆ.

ಮೊನ್ನೆ ಚೇಚಿ ಫೋನು ಮಾಡಿದ್ದರು, ದನಿ ತಗ್ಗಿಸಿ.

"ಸೊಸೆಗೆ ಗೊತ್ತಿಲ್ಲ ಮೋಳೆ. ಅಮ್ಮುಮ್ಮ ಅಂತಲೇ ದಿನಾ ಸಂಜೆ ನಿನ್ನ ಫೋಟೋ ಮುಂದೆ ದೀಪ ಇಡ್ತಾಳೆ. ಬದುಕಿರೋರ ಫೋಟೋಗೆ ದೀಪ... ನಂಗೆ ಹೆದರಿಕೆ. ತೆಗೆದುಬಿಡಲಾ?"

ನನಗೂ ಹೆದರಿಕೆಯಾಗಿ, ತೆಗೆದುಬಿಡಿ ಎನ್ನಲು ಹೊರಟೆ. ಆದರೆ ಬಾಯಿಗೆ ಬಂದದ್ದು ಬೇರೆ.

"ಎಷ್ಟು ಗಂಟೆಗೆ ಇಡ್ತಾಳೆ ಚೇಚಿ?"

"ಆರೂವರೆಗೆ."

"ಇರಲಿ ಬಿಡಿ."

ಅಲ್ಲಿ ಆರೂವರೆ ಎಂದರೆ ಇಲ್ಲಿ ಐದು. ಇಷ್ಟು ದಿನ ಆ ಹೊತ್ತಿಗೆ ನೈಟಿಯಲ್ಲೇ ಸೋಫಾಕ್ಕೆ ಒರಗಿರುತ್ತಿದ್ದೆ. ಇವತ್ತು ದೇವರ ಪಟ ಅಂಟಿಸಿ ಕೈ ತೊಳೆದೆ. ಐದಕ್ಕೆ ಹತ್ತು ನಿಮಿಷವಿತ್ತು. ತಲೆ ಬಾಚಿ, ಸೀರೆ ಉಟ್ಟು, ಕುಂಕುಮವಿಟ್ಟು ಬಂದು ಕೂತಿದ್ದೇನೆ. ದೀಪದ ಮುಂದೆ ಹಾಗೆಲ್ಲ ತಲೆ ಕೆದರಿಕೊಂಡು ಕೂರಬಾರದು.