ಕತ್ತರಿ ಹಿಡಿದ ಕೈ

ಮೂವತ್ತೆಂಟು ವರ್ಷ ಕೋಟು ಹೊಲಿದ ದರ್ಜಿಗೆ ಸೂಜಿಯೆಂದರೆ ಭಯ ಎಂದರೆ ನಗಬೇಡಿ. ಬೇರೆಯವರ ಬಟ್ಟೆಗೆ ಚುಚ್ಚುವುದು ಬೇರೆ, ತನ್ನ ನೆತ್ತಿಗೆ ಚುಚ್ಚಿಸಿಕೊಳ್ಳುವುದು ಬೇರೆ. ಬಲಗೈ ನಡುಗತೊಡಗಿ, ಅದು ಪಾರ್ಕಿನ್ಸನ್ ಕಾಯಿಲೆ ಎಂದು ಗೊತ್ತಾಗಿ ಎರಡು ವರ್ಷವಾಗಿತ್ತು. ಮಾತ್ರೆ ಬರೆಯುವ ಡಾಕ್ಟರನ್ನು ಕೇಳಿಕೊಂಡೇ ಮಗಳು ಅವನನ್ನು ಈ ಮಹಡಿ ಮೇಲಿನ ಸೂಜಿ ಚಿಕಿತ್ಸೆಯ ಕೋಣೆಗೆ ಕರೆತಂದಿದ್ದಳು.

“ಇದು ಮಾತ್ರೆ ಜೊತೆಗೆ, ಮಾತ್ರೆ ಬದಲಿಗಲ್ಲ,” ಎಂದು ಅಕ್ಯುಪಂಕ್ಚರ್ ಡಾಕ್ಟರಮ್ಮ ಮೊದಲ ದಿನವೇ ಹೇಳಿದ್ದರು. “ಕಾಯಿಲೆ ಹೋಗುತ್ತೆ ಅಂತ ಹೇಳಲ್ಲ. ಕೆಲವರಿಗೆ ಬಿಗಿತ ಸಡಿಲ ಆಗುತ್ತೆ, ನಿದ್ದೆ ಬರುತ್ತೆ. ನೋಡೋಣ.” ಆ ನೇರ ಮಾತು ದರ್ಜಿಗೆ ಹಿಡಿಸಿತು. ಅವನೂ ಗಿರಾಕಿಯ ಹೊಟ್ಟೆಯ ಅಳತೆಯಲ್ಲಿ ಸುಳ್ಳು ಹೇಳಿದವನಲ್ಲ.

ಆದರೆ ನಿದ್ದೆ ಎಲ್ಲಿಂದ ಬರಬೇಕು? ಸೂಜಿ ಹಾಕಿಸಿಕೊಂಡು ಕಣ್ಣು ಮುಚ್ಚಿದರೆ ಸಾಕು, ಸತ್ತ ಅಪ್ಪ ಬಂದು ಮೂಲೆಯ ಸ್ಟೂಲಿನ ಮೇಲೆ ಕೂರುತ್ತಿದ್ದ. ಬಲಗೈಯನ್ನು ತೊಡೆಗಳ ನಡುವೆ ಒತ್ತಿಕೊಂಡು, ಕೊನೆಯ ವರ್ಷ ಅಂಗಡಿಯಲ್ಲಿ ಕೂತಿದ್ದ ಹಾಗೆಯೇ.

ಅಪ್ಪನೂ ದರ್ಜಿ. ಅವನ ಕೈಯೂ ನಡುಗುತ್ತಿತ್ತು. ಆಗ ಅದಕ್ಕೆ ಯಾರೂ ಹೆಸರು ಹೇಳಲಿಲ್ಲ. ಕುಡಿತವಿರಬೇಕೆಂದು ಗಿರಾಕಿಗಳು ಮುಸಿಮುಸಿ ನಕ್ಕರು. ಮರ್ಯಾದೆ ಹೋಗುತ್ತದೆಂದು ಮಗ ಒಂದು ದಿನ ಕತ್ತರಿ ಕಿತ್ತುಕೊಂಡು ಮೇಜಿನ ಡ್ರಾಯರಿಗೆ ಹಾಕಿ ಬೀಗ ಜಡಿದ.

“ಕತ್ತರಿ ಕೊಡೋ, ಕೈ ನಿಲ್ಲುತ್ತೆ,” ಎಂದು ಅಪ್ಪ ಅಂಗಲಾಚಿದ.

“ಮೊದಲು ಕೈ ನಿಲ್ಲಲಿ, ಆಮೇಲೆ ಕತ್ತರಿ,” ಎಂದ ಮಗ.

ಅಪ್ಪ ಮತ್ತೆ ಕೇಳಲಿಲ್ಲ. ಏಳು ತಿಂಗಳು ಸ್ಟೂಲಿನ ಮೇಲೆ ಕೂತಿದ್ದು ತೀರಿಕೊಂಡ.

ಅದಕ್ಕೇ ತನ್ನ ಕಾಯಿಲೆ ತಿಳಿದ ದಿನ ದರ್ಜಿ ಅದೇ ಕತ್ತರಿಯನ್ನು ಮಗಳಿಗೆ ಕೊಟ್ಟು, “ನಾನು ಕೇಳಿದರೂ ಕೊಡಬೇಡ,” ಎಂದಿದ್ದ. ಅಪ್ಪನಿಗೊಂದು ನ್ಯಾಯ, ತನಗೊಂದು ನ್ಯಾಯವೇ? ಅಂದಿನಿಂದ ಬಲಗೈ ಜೇಬು ಸೇರಿತು. ಊಟಕ್ಕೂ ಎಡಗೈಯ ಚಮಚವೇ.

ಹನ್ನೆರಡನೆಯ ಸಲ ಹೋದಾಗ ಡಾಕ್ಟರಮ್ಮ ಸೂಜಿಗಳನ್ನೆಲ್ಲ ತೆಗೆದು, “ಏಳಿ, ಆಯ್ತು,” ಎಂದರು.

“ಹನ್ನೊಂದು ಹಾಕಿದ್ರಿ, ಹತ್ತು ತೆಗೆದ್ರಿ,” ಎಂದ ದರ್ಜಿ. ಗಿರಾಕಿಯ ಕಾಲರಿನಲ್ಲಿ ಗುಂಡುಸೂಜಿ ಉಳಿಯಬಾರದೆಂದು ಎಣಿಸುವ ಹಳೇ ಚಟ.

“ಅಯ್ಯೋ, ಹೌದಲ್ಲ! ಇದನ್ನ ಹಿಡ್ಕೊಳ್ಳಿ,” ಎಂದು ಸ್ಟೀಲ್ ತಟ್ಟೆಯನ್ನು ಅವನ ಬಲಗೈಗೇ ಕೊಟ್ಟು, ಕೂದಲಲ್ಲಿ ಹುಡುಕಿ ಕೊನೆಯದನ್ನೂ ತೆಗೆದರು. ತಟ್ಟೆಯ ಸೂಜಿಗಳು ಸದ್ದು ಮಾಡಲಿಲ್ಲ.

“ಕೈ ನಿಂತಿದೆ!” ಎಂದ ದರ್ಜಿ. “ಸೂಜಿ ಕೆಲಸ ಮಾಡ್ತು ಡಾಕ್ಟರೇ!”

“ಇದು ಸೂಜಿಯಿಂದ ಅಲ್ಲ. ಈ ಕಾಯಿಲೆಯಲ್ಲಿ ಎಷ್ಟೋ ಜನಕ್ಕೆ ಕೈ ಸುಮ್ಮನಿದ್ದಾಗಲೇ ಹೆಚ್ಚು ನಡುಗೋದು. ಏನಾದ್ರೂ ಹಿಡಿದು ಕೆಲಸ ಮಾಡಿದ್ರೆ ಕಡಿಮೆ ಆಗುತ್ತೆ.”

ದರ್ಜಿ ಮೂಲೆಯ ಸ್ಟೂಲಿನ ಕಡೆ ನೋಡಲಾರದೆ ಮೆಟ್ಟಿಲಿಳಿದ.

ಅಂಗಡಿಗೆ ಬಂದವನೇ ಅಲ್ಲಿದ್ದ ಮಗಳಿಗೆ, “ಕತ್ತರಿ ಕೊಡು, ಕೈ ನಿಲ್ಲುತ್ತೆ,” ಎಂದ. ಬಾಯಿಂದ ಬಂದ ಮೇಲೆ ಹೊಳೆಯಿತು, ಅದು ಅಪ್ಪನದೇ ಮಾತು.

“ಕೇಳಿದ್ರೂ ಕೊಡಬೇಡ ಅಂದಿದ್ದು ನೀನೇ ಅಲ್ವಾ ಅಪ್ಪ?” ಎಂದಳು ಮಗಳು. ಆದರೆ ಅವನ ಮುಖ ನೋಡಿ ಡ್ರಾಯರಿನ ಬೀಗ ತೆಗೆದು ಕತ್ತರಿ ಕೊಟ್ಟಳು.

ಅವನು ಒಂದು ಚೂರು ಬಟ್ಟೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆದು ಕತ್ತರಿ ಇಟ್ಟ. ಕತ್ತರಿ ಗೆರೆ ಬಿಟ್ಟು ಕದಲದೆ ಕೊನೆಯವರೆಗೂ ಹೋಯಿತು.

“ನೋಡಪ್ಪಾ, ನಡುಕ ನಿಂತೇಹೋಯ್ತು!” ಮಗಳು ಚಪ್ಪಾಳೆ ತಟ್ಟಿದಳು. ಮರುಗಳಿಗೆ ಅವನು ಅಳುತ್ತಿರುವುದನ್ನು ಕಂಡು ಗಾಬರಿಯಾದಳು.

“ನಮ್ಮಪ್ಪನಿಗೂ ನಿಲ್ತಿತ್ತು ಕಣೇ,” ಎಂದ ಅವನು.