ಟಕ್ ಅನ್ನದ ಮುಚ್ಚಳ

ನಮ್ಮ ಅತ್ತೆಯ ಮನೆಗೆ ಹೋದರೆ ಕೂರಲು ಜಾಗ ಹುಡುಕಬೇಕು. ಕುರ್ಚಿಯ ಮೇಲೆ ಬಾಟಲಿ, ಕಿಟಕಿಯಲ್ಲಿ ಬಾಟಲಿ, ಮಂಚದ ಕೆಳಗೂ ಬಾಟಲಿ. ಎಲ್ಲದರೊಳಗೂ ಕೆಂಪು, ಹಳದಿ ದಪ್ಪ ಮೆಣಸಿನಕಾಯಿಗಳು ಗಾಜಿಗೆ ಮೂಗು ಒತ್ತಿಕೊಂಡು ಹೊರಗೆ ನೋಡುತ್ತಿರುತ್ತವೆ. ನೆಂಟರಿಗಿಂತ ಮೆಣಸಿನಕಾಯಿಗೇ ಮರ್ಯಾದೆ ಹೆಚ್ಚು ಎಂದು ನಾನು ಅವರೆದುರೇ ಗೊಣಗುತ್ತೇನೆ. ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

ಬೆಳೆಯುವವನು ಅತ್ತೆಯ ಗಂಡ, ನನ್ನ ಸೋದರಮಾವ. ಬೀಗ ರಿಪೇರಿ ಅವನ ಕಸುಬು. ತಾರಸಿಯ ಮೇಲೆ ಖಾಲಿ ಪೇಂಟ್ ಡಬ್ಬಗಳಲ್ಲಿ ಗಿಡ ಸಾಕಿದ್ದಾನೆ. ಅಂಗಡಿಗೆ ಹೊರಡುವ ಮುನ್ನ ಎಲೆ ಎಲೆಯನ್ನೂ ತಿರುಗಿಸಿ ಹುಳ ಹುಡುಕುತ್ತಾನೆ. ಕಾಯಿ ಬಣ್ಣಕ್ಕೆ ತಿರುಗಿತೋ, ಅತ್ತೆ ಬುಟ್ಟಿ ಹಿಡಿದು ಮೇಲೆ ಹಾಜರ್. ಒಂದನ್ನೂ ಬಿಡದೆ ಬಾಟಲಿಗೆ ತುಂಬುತ್ತಾಳೆ. ಹೀಗಾಗಿ ಊರಿನ ಬೀಗವನ್ನೆಲ್ಲ ತೆಗೆಯುವ ಮಾವ ತಾನೇ ಬೆಳೆದ ಮೆಣಸಿನಕಾಯಿಯ ಚೂರನ್ನೂ ಬಾಯಿಗೆ ಹಾಕಿರಲಿಲ್ಲ. ಸಾಯುವುದರೊಳಗೆ ಒಮ್ಮೆ ರುಚಿ ನೋಡಬೇಕೆನ್ನುವುದು ಅವನಿಗಿದ್ದ ಒಂದೇ ಆಸೆ.

ತಪ್ಪು ಅತ್ತೆಯದಲ್ಲ, ಬಲ್ಬ್ ಕಾರ್ಖಾನೆಯದು. ಅಲ್ಲಿ ಅವಳ ಕೆಲಸ ಪ್ರತಿ ಬಲ್ಬನ್ನೂ ಹೋಲ್ಡರಿಗೆ ಸಿಕ್ಕಿಸಿ ನೋಡುವುದು. ಹತ್ತಿದರೆ ಪಾಸು, ಪೆಟ್ಟಿಗೆಗೆ. ಹತ್ತದಿದ್ದರೆ ಫೇಲು, ಕಸಕ್ಕೆ. ನಿವೃತ್ತಿಯಾದರೂ ಆ ಪರೀಕ್ಷೆಯ ಬೆಂಚು ಅವಳ ತಲೆಯಿಂದ ಇಳಿಯಲಿಲ್ಲ. ಮೆಣಸಿನಕಾಯಿ ಸೀಳಿ ತುಂಬಿ, ಕುದಿಯುವ ವಿನೆಗರ್ ನೀರು ಹೊಯ್ದು, ಮುಚ್ಚಳ ಬಿಗಿದು, ಬಾಟಲಿಗಳನ್ನು ದೊಡ್ಡ ಪಾತ್ರೆಯ ನೀರಿನಲ್ಲಿ ಮುಳುಗಿಸಿ ಕುದಿಸುತ್ತಾಳೆ. ಆಮೇಲೆ ಟವೆಲ್ ಮೇಲೆ ಸಾಲಾಗಿ ನಿಲ್ಲಿಸುತ್ತಾಳೆ. ಆರುತ್ತ ಬಂದಂತೆ ಮುಚ್ಚಳದ ನಡುಭಾಗ ಒಳಕ್ಕೆ ಕುಸಿದು ‘ಟಕ್’ ಎನ್ನುತ್ತದೆ. ಟಕ್ ಎಂದರೆ ಗಾಳಿಯಾಡದಂತೆ ಮುಚ್ಚಿತು, ಪಾಸು. ಅನ್ನದಿದ್ದರೆ ಅದನ್ನು ಇಟ್ಟುಕೊಳ್ಳುವಂತಿಲ್ಲ, ಕೂಡಲೇ ತಿಂದು ಮುಗಿಸಬೇಕು. ಅತ್ತೆಯ ಕೈಯಲ್ಲಿ ಒಂದೂ ಫೇಲಾಗಿರಲಿಲ್ಲ.

ಪಾಸಾದದ್ದರಲ್ಲೇ ಒಂದು ತೆಗೆಯೋಣವೆಂದು ಮಾವ ಒಮ್ಮೆ ಕೇಳಿದ್ದನಂತೆ.

“ಪಾಸಾಗಿರೋ ಬಲ್ಬನ್ನ ಯಾರಾದ್ರೂ ಒಡೆದು ನೋಡ್ತಾರೇನ್ರೀ?” ಎಂದಳಂತೆ ಅತ್ತೆ.

ಅಂದಿನಿಂದ ಮಾವ ಬಾಟಲಿ ಆರುವಾಗಲೆಲ್ಲ ಟವೆಲ್ ಪಕ್ಕ ಕಣ್ಣು ಮುಚ್ಚಿ ಕೂರತೊಡಗಿದ, ಒಂದಾದರೂ ಫೇಲಾಗಲಿ ಎಂದು. ಪಾಸಾಗಲೆಂದು ಬೇಡುತ್ತಿದ್ದಾನೆ ಎಂದುಕೊಂಡ ಅತ್ತೆ ಇಂಥ ಗಂಡ ಯಾರಿಗೆ ಸಿಗುತ್ತಾನೆ ಎಂದು ನಮ್ಮೆಲ್ಲರ ಹತ್ತಿರ ಹೇಳಿಕೊಂಡಳು.

ಈ ಸಲ ನಾನೂ ಅಲ್ಲಿದ್ದೆ. ಕೊನೆಯ ಬಾಟಲಿ ಮಾತ್ರ ಟಕ್ ಎನ್ನಲಿಲ್ಲ. ಸಂಜೆಯವರೆಗೆ ಕಾದೆವು. ಅತ್ತೆ ಬೆರಳಿನಿಂದ ಮುಚ್ಚಳ ಒತ್ತಿದಳು. ಅದು ಒಳಗೆ ಹೋಗಿ ಮತ್ತೆ ಮೇಲೆದ್ದಿತು. ಅವಳು ನೆಲದ ಮೇಲೆ ಕುಸಿದು ಅಳತೊಡಗಿದಳು. ಪಕ್ಕದ ಮನೆಯವಳು ಓಡಿಬಂದು, ಅವಳ ಕೈ ಹಿಡಿದು, ಯಾವಾಗ ಆಯಿತು, ಕೊನೆಗಳಿಗೆಯಲ್ಲಿ ಹತ್ತಿರ ಯಾರಿದ್ದರು ಎಂದೆಲ್ಲ ವಿಚಾರಿಸಿದಳು. ಮಾವ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿಕೊಂಡು ಹೊಟ್ಟೆ ಹುಣ್ಣಾಗುವಷ್ಟು ನಕ್ಕ. ಕಣ್ಣು ಕೆಂಪಗೆ ಮಾಡಿಕೊಂಡು ಹೊರಗೆ ಬಂದಾಗ ಅವನಿಗೂ ಪಕ್ಕದ ಮನೆಯವಳಿಂದ ಸಮಾಧಾನ ಸಿಕ್ಕಿತು.

ಅವಳು ಹೋದ ಮೇಲೆ ಮಾವ ತಟ್ಟೆ, ಬ್ರೆಡ್ಡು ಇಟ್ಟುಕೊಂಡು ಕೂತ. ಮೆಣಸಿನಕಾಯಿ ಬಾಯಿಗೆ ಹೋಗಿದ್ದೇ ತಡ, ಕಿವಿಗಳು ಅಲ್ಲಾಡಿದವು. ನಾನೂ ಒಂದು ಚೂರು ತಿಂದೆ. ಕಾಯಿ ಕೆಟ್ಟು ವಿಷವಾದೀತೆಂಬ ಹೆದರಿಕೆಗೆ ಅತ್ತೆ ವಿನೆಗರನ್ನು ಸುರಿದೇ ಸುರಿದಿದ್ದಳು. ತುಕ್ಕು ಹಿಡಿದ ಬೀಗವನ್ನು ಅದರಲ್ಲಿ ಅದ್ದಿದ್ದರೆ ಕೀಲಿಯಿಲ್ಲದೆ ಬಿಚ್ಚಿಕೊಳ್ಳುತ್ತಿತ್ತು.

ಅತ್ತೆಯೂ ಒಮ್ಮೆಯೂ ರುಚಿ ನೋಡಿದವಳಲ್ಲ. ಫಲಿತಾಂಶಕ್ಕೆ ಕಾದವಳಂತೆ ಗೋಡೆಗೆ ಒರಗಿ ನಿಂತಿದ್ದಳು.

“ಹೇಗಿದೆ?” ಎಂದಳು.

ಮಾವ ಅವಳ ಮುಖ ನೋಡಿದ. ಕಷ್ಟಪಟ್ಟು ನುಂಗಿದ. “ಚೆನ್ನಾಗಿದೆ ಕಣೆ. ಇಷ್ಟು ಚೆನ್ನಾಗಿರುತ್ತೆ ಅಂದ್ಕೊಂಡಿರ್ಲಿಲ್ಲ.”

ಅವನ ಸುಳ್ಳಿಗೆ ನನಗೆ ಸಿಟ್ಟು ಬಂತು. ಅವನ ಮೇಲೆ ಅಷ್ಟು ಪ್ರೀತಿ ಹಿಂದೆಂದೂ ಬಂದಿರಲಿಲ್ಲ, ಅದೂ ನಿಜ.

ಅತ್ತೆ ಕಣ್ಣೊರೆಸಿಕೊಂಡು ಮಂಚದ ಕೆಳಗೆ ತೂರಿದಳು. ಹಿಂದಿನ ಮೂಲೆಯಿಂದ ಧೂಳು ಹಿಡಿದ ಬಾಟಲಿಯೊಂದನ್ನು ಎಳೆದು ತಂದು ಅವನ ಮುಂದಿಟ್ಟಳು.

“ಫೇಲಾಗಿದ್ದೇ ಇಷ್ಟು ಚೆನ್ನಾಗಿದ್ರೆ ಪಾಸಾಗಿದ್ದು ಹೇಗಿರ್ಬೇಡ. ದಿನಕ್ಕೊಂದು ತೆಗೆಯೋಣ. ಹಳೇದು ಮೊದಲು.”

ಮಾವ ಕುರ್ಚಿ ನೋಡಿದ, ಕಿಟಕಿ ನೋಡಿದ, ಮಂಚದ ಕೆಳಗೆ ಬಗ್ಗಿ ನೋಡಿದ. ಮುಚ್ಚಳಕ್ಕೆ ಕೈ ಹಾಕಿ, ತುಂಬ ಬಿಗಿಯಾಗಿದೆ, ತೆಗೆಯಲಾಗುತ್ತಿಲ್ಲ ಎಂದ.

ಅತ್ತೆ ಒಳಗೆ ಹೋಗಿ ಅವನ ಟೂಲ್ ಬಾಕ್ಸ್ ಎತ್ತಿಕೊಂಡು ಬಂದಳು.